ನಂಬರ್ ಪ್ಯಾಡ್ ತಯಾರಿಕೆ: ಅಚ್ಚಿಗೆ ಮುನ್ನ ಬಳಸುವವರ ಅಭಿಪ್ರಾಯ

ವ್ಯಾಪಾರ ವಹಿವಾಟಿನಲ್ಲಿ ಗಣಕಯಂತ್ರದ ಬಳಕೆ ರೂಢಿಯಾಗಿ ದಶಕಗಳೇ ಸಂದಿವೆ. ಸಗಟು ಮಳಿಗೆಯ ಗಲ್ಲಾದಿಂದ ಹಿಡಿದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದವರೆಗೆ ದಿನವಿಡೀ ಕೀಲಿಮಣೆಯ ಮೇಲೆ ನಡೆಯುವ ಕೆಲಸವನ್ನು ಗಮನಿಸಿದರೆ, ಅಲ್ಲಿ ಅಕ್ಷರಗಳಿಗಿಂತ ಅಂಕಿಗಳದ್ದೇ ಪ್ರಾಬಲ್ಯವೆಂಬುದು ತಿಳಿಯುತ್ತದೆ. ಸರಕುಪಟ್ಟಿಯ ಮೊತ್ತ, ತೆರಿಗೆಯ ದರ, ಚೆಕ್ಕಿನ ಸಂಖ್ಯೆ, ದಾಸ್ತಾನಿನ ಪ್ರಮಾಣ ಎಲ್ಲವೂ ಅಂಕಿಗಳೇ. ಒಂದು ಸೊನ್ನೆ ಹೆಚ್ಚಾಗಿ ಬಿದ್ದರೆ ಸಾವಿರವು ಹತ್ತು ಸಾವಿರವಾಗುತ್ತದೆ. ಅದನ್ನು ಪತ್ತೆ ಹಚ್ಚುವುದರಲ್ಲಿ ತಿಂಗಳ ಕೊನೆಯ ಅರ್ಧ ದಿನ ಕಳೆದುಹೋಗುತ್ತದೆ. ಇಷ್ಟಾದರೂ ಅಂಕಿ ಒತ್ತುವ ಸಾಧನ ಹೇಗಿರಬೇಕೆಂದು ಅದನ್ನು ಬಳಸುವ ಲೆಕ್ಕಿಗರನ್ನು ಕೇಳುವ ಪರಿಪಾಠ ತಯಾರಕರಲ್ಲಿ ಬೆಳೆದಿಲ್ಲ. ಇತ್ತೀಚಿನ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಂತೂ ಬಲಭಾಗದ ಅಂಕಿಗಳ ಗುಂಪನ್ನೇ ಕೈಬಿಡಲಾಗಿದೆ. ಹೀಗಾಗಿ ಪ್ರತ್ಯೇಕ ನಂಬರ್ ಪ್ಯಾಡ್ ಕೊಳ್ಳುವುದು ಅನಿವಾರ್ಯವಾಗಿದ್ದು, ಮಾರುಕಟ್ಟೆಯಲ್ಲಿ ದೊರೆಯುವ ಅಗ್ಗದ ರಬ್ಬರ್ ಪದರದ ಪ್ಯಾಡುಗಳು ಒಂದು ಕೀಲಿ ಕೆಟ್ಟೊಡನೆ ಕಸದ ಬುಟ್ಟಿ ಸೇರುತ್ತವೆ.

ಈ ಹಿನ್ನೆಲೆಯಲ್ಲಿ ಕಳೆದ ಹದಿನೈದು ವರ್ಷಗಳಿಂದ ಜಗತ್ತಿನ ಹವ್ಯಾಸಿಗಳು ನಡೆಸುತ್ತಿರುವ ಒಂದು ಪ್ರಯೋಗ ಸಣ್ಣ ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ. ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗ್ ಇರುವ ಬಿಡಿ ಸ್ವಿಚ್ಚನ್ನು ಅಳವಡಿಸಿ, ಕೀಲಿಮಣೆಯನ್ನು ತಾವೇ ಜೋಡಿಸಿಕೊಳ್ಳುವ ಈ ಜನರು, ನಕ್ಷೆಯನ್ನು ಅಂತಿಮಗೊಳಿಸುವ ಮುನ್ನ ಅದನ್ನು ಬಳಸಲಿರುವವರ ಮುಂದಿಟ್ಟು ತಿದ್ದಿಸಿಕೊಳ್ಳುತ್ತಾರೆ. 2010ರ ದಶಕದ ಆರಂಭದಲ್ಲಿ ಹೀಗೆ ರೂಪುಗೊಂಡ ‘ಎರ್ಗೋಡಾಕ್ಸ್’ ಎಂಬ ಎರಡು ಹೋಳಿನ ಕೀಲಿಮಣೆಯ ವಿನ್ಯಾಸವನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಬಿಡುಗಡೆ ಮಾಡಲಾಯಿತು. ಮುಂದೆ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಅದನ್ನು ತಯಾರಿಸಿ ಮಾರಿದವು. ನಂಬರ್ ಪ್ಯಾಡ್ ಅದಕ್ಕಿಂತ ಎಷ್ಟೋ ಸರಳವಾದ ವಸ್ತು. ಇದು ಹವ್ಯಾಸಿಗಳ ಆಟಿಕೆಯಾಗಿಯೇ ಉಳಿಯಬೇಕಾಗಿಲ್ಲ. ಲೆಕ್ಕಪತ್ರದ ಮೇಜಿಗೆ ತಕ್ಕ ಸರಕಾಗಿ ಇದನ್ನು ಸಣ್ಣ ಕಾರ್ಖಾನೆಯೊಂದು ತಯಾರಿಸಲು ಸಾಧ್ಯವಿದೆ.

ಬಳಸುವವರನ್ನು ಕೇಳಿ ಮಾಡುವ ಪದ್ಧತಿ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಚಲಿತವಿದ್ದ ಎಣಿಕೆ ಯಂತ್ರಗಳಲ್ಲಿ ಬಿಡಿ, ಹತ್ತು, ನೂರು ಎಂಬ ಪ್ರತಿಯೊಂದು ಸ್ಥಾನಕ್ಕೂ ಒಂದರಿಂದ ಒಂಬತ್ತರವರೆಗಿನ ಬೇರೆ ಬೇರೆ ಸಾಲು ಕೀಲಿಗಳಿದ್ದವು. ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ 1914ರಲ್ಲಿ ಬಂದ ಸಂಡ್‌ಸ್ಟ್ರ್ಯಾಂಡ್ ಯಂತ್ರವು ಹತ್ತೇ ಕೀಲಿಗಳನ್ನು ಮೂರು ಸಾಲುಗಳಲ್ಲಿ ಜೋಡಿಸಿ, 7-8-9ನ್ನು ಮೇಲಿಟ್ಟು, ಸೊನ್ನೆಯನ್ನು ಕೆಳಗಿಟ್ಟಿತು. ಇಂದಿನ ಕ್ಯಾಲ್ಕುಲೇಟರ್ ಮತ್ತು ಗಣಕದ ಅಂಕಿಗಳ ಜೋಡಣೆ ಅದರದೇ ವಂಶ. ಆದರೆ ದೂರವಾಣಿಗೆ ಒತ್ತುಗುಂಡಿಗಳನ್ನು ಅಳವಡಿಸುವ ಪ್ರಶ್ನೆ ಎದ್ದಾಗ ಬೆಲ್ ಪ್ರಯೋಗಾಲಯದವರು ಇರುವುದನ್ನೇ ನಕಲು ಮಾಡಲಿಲ್ಲ. ಹಲವಾರು ಜೋಡಣೆಗಳನ್ನು ಸಾಮಾನ್ಯ ಬಳಕೆದಾರರಿಂದ ಒತ್ತಿಸಿ ನೋಡಿ, ಹಿಡಿದ ಸಮಯ, ಆದ ತಪ್ಪು, ವ್ಯಕ್ತವಾದ ಮೆಚ್ಚುಗೆ ಮೂರನ್ನೂ ಅಳೆದು, 1960ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1963ರಲ್ಲಿ ಮಾರುಕಟ್ಟೆಗೆ ಬಂದ ಗುಂಡಿಯ ದೂರವಾಣಿಯಲ್ಲಿ 1-2-3 ಮೇಲಿತ್ತು.

ಇದರ ಪರಿಣಾಮವನ್ನು ಪ್ರತಿಯೊಬ್ಬ ಅಂಗಡಿಕಾರರೂ ಇಂದು ದಿನಕ್ಕೆ ನೂರಾರು ಬಾರಿ ಅನುಭವಿಸುತ್ತಾರೆ. ಬಿಲ್ಲು ಹಾಕುವ ಕೀಲಿಮಣೆಯಲ್ಲಿ 7 ಮೇಲೆ. ಕಾರ್ಡ್ ಉಜ್ಜುವ ಯಂತ್ರದಲ್ಲಿ, ಎಟಿಎಂನಲ್ಲಿ, ಹಣ ಕಳುಹಿಸುವ ಮೊಬೈಲ್ ಪರದೆಯಲ್ಲಿ 1 ಮೇಲೆ. ಹೊಸ ನಂಬರ್ ಪ್ಯಾಡ್‌ನಲ್ಲಿ ಯಾವುದು ಮೇಲಿರಬೇಕು? ಹತ್ತು ವರ್ಷ ಲೆಕ್ಕ ಬರೆದವರನ್ನು ಕೇಳಿದರೆ ಒಂದು ಉತ್ತರ, ಮೊಬೈಲಿನಲ್ಲೇ ಬೆಳೆದ ಯುವಕರನ್ನು ಕೇಳಿದರೆ ಇನ್ನೊಂದು ಉತ್ತರ ಬರುವುದು ಸಹಜ. ಆದುದರಿಂದ ಅಭಿಪ್ರಾಯ ಸಂಗ್ರಹವೆಂದರೆ ಬಹುಮತದ ಎಣಿಕೆಯಲ್ಲ. ಸಾಧನವನ್ನು ದಿನಕ್ಕೆ ಆರು ಗಂಟೆ ಒತ್ತುವವರ ಮಾತಿಗೆ ಹೆಚ್ಚಿನ ತೂಕ ಕೊಡಲೇಬೇಕು.

ತಾಂತ್ರಿಕವಾಗಿ ಇಂದು ಇದು ಸುಲಭಸಾಧ್ಯವಾಗಿರುವುದಕ್ಕೆ ಕಾರಣಗಳಿವೆ. ಜರ್ಮನಿಯ ಚೆರ್ರಿ ಸಂಸ್ಥೆಯು 1980ರ ದಶಕದಲ್ಲಿ ಬಳಕೆಗೆ ತಂದ ಎಂಎಕ್ಸ್ ಸ್ವಿಚ್ಚಿನ ಪೇಟೆಂಟ್ ರಕ್ಷಣೆ ಮುಗಿದ ಬಳಿಕ, ಚೀನಾದ ಕೈಲ್, ಗೇಟರಾನ್ ಮೊದಲಾದ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ಕಡಿಮೆ ದರಕ್ಕೆ ಒದಗಿಸುತ್ತಿದ್ದಾರೆ. ವಿದ್ಯುನ್ಮಂಡಲದ ನಕ್ಷೆ ಬಿಡಿಸಲು ಕೈಕ್ಯಾಡ್ ಎಂಬ ಉಚಿತ ತಂತ್ರಾಂಶವಿದೆ. ಕೀಲಿಗಳನ್ನು ಓದಿ ಗಣಕಕ್ಕೆ ತಿಳಿಸುವ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶವೂ ಸಿದ್ಧವಾಗಿದೆ. ಮಿದುಳಾಗಿ ಕೆಲಸ ಮಾಡಬಲ್ಲ ರಾಸ್ಪ್‌ಬೆರಿ ಪೈ ಪಿಕೊ ಫಲಕವು 2021ರಲ್ಲಿ ಬಿಡುಗಡೆಯಾದಾಗ ಅದರ ಬೆಲೆ ಕೇವಲ 4 ಡಾಲರ್ ಇತ್ತು. ಐದು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಜಾಲದಲ್ಲಿ 20 ಕೀಲಿಗಳನ್ನು ಓದಲು ಒಂಬತ್ತೇ ತಂತಿಗಳು ಸಾಕು. ಹಲವು ಕೀಲಿಗಳು ಒಟ್ಟಿಗೆ ಒತ್ತಿದಾಗ ಗೊಂದಲವಾಗದಂತೆ ಪ್ರತಿ ಕೀಲಿಗೂ ಒಂದೊಂದು ಡಯೋಡ್ ಸೇರಿಸಿದರಾಯಿತು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದು ಬಿಡಿ ಪೈಸೆಗಳ ಸರಕು.

ಇನ್ನುಳಿದದ್ದು ಲೋಹದ ಕೆಲಸ. ಕೀಲಿಯ ನಡುಬಿಂದುವಿನಿಂದ ನಡುಬಿಂದುವಿಗೆ 19.05 ಮಿಲಿಮೀಟರ್ ಅಂತರ, ಸ್ವಿಚ್ಚು ಕೂರಲು 14 ಮಿಲಿಮೀಟರ್ ಚೌಕದ ರಂಧ್ರ, ಸ್ವಿಚ್ಚಿನ ಕೊಕ್ಕೆ ಹಿಡಿಯಲು 1.5 ಮಿಲಿಮೀಟರ್ ದಪ್ಪದ ತಗಡು. ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಲೇಸರ್ ಯಂತ್ರವುಳ್ಳ ಯಾವ ಕಾರ್ಯಾಗಾರಕ್ಕೂ ಇದು ಕಷ್ಟದ ಕೆಲಸವಲ್ಲ. ಲೇಸರ್ ಕಿರಣ ತಿಂದುಹಾಕುವ ಅಂಚಿನ ಅಳತೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮಾತ್ರ ರಂಧ್ರ ಸಡಿಲವಾಗಿ ಸ್ವಿಚ್ಚು ಅಲುಗಾಡುತ್ತದೆ. ಆದುದರಿಂದ ಮೊದಲು ನಾಲ್ಕು ರಂಧ್ರಗಳ ಮಾದರಿಯೊಂದನ್ನು ಕೊಯ್ದು ನೋಡುವುದು ಲೇಸು.

ಅಭಿಪ್ರಾಯ ಪಡೆಯುವುದರ ಬೆಲೆ ತಿಳಿಯುವುದು ಸೊನ್ನೆಯ ಕೀಲಿಯ ಹತ್ತಿರ ಬಂದಾಗ. ಸಾಮಾನ್ಯ ನಂಬರ್ ಪ್ಯಾಡ್‌ನಲ್ಲಿ 17 ಕೀಲಿಗಳಿರುತ್ತವೆ. ಸೊನ್ನೆ ಎರಡು ಕೀಲಿಗಳಷ್ಟು ಅಗಲ. ಕೂಡುವ ಕೀಲಿ ಮತ್ತು ಎಂಟರ್ ಕೀಲಿ ಎರಡರಷ್ಟು ಎತ್ತರ. ಈ ಮೂರನ್ನೂ ಒಂಟಿ ಕೀಲಿಗಳಾಗಿ ಒಡೆದರೆ ಅದೇ ಜಾಗದಲ್ಲಿ 20 ಕೀಲಿಗಳಾಗುತ್ತವೆ. ತಯಾರಕನ ದೃಷ್ಟಿಯಿಂದ ಇದು ಆಕರ್ಷಕ: ಎಲ್ಲ ಮುಚ್ಚಳಗಳೂ ಒಂದೇ ಅಳತೆಯವು, ದೊಡ್ಡ ಕೀಲಿ ಓರೆಯಾಗದಂತೆ ಹಿಡಿಯುವ ತಂತಿಯ ಆಧಾರವೂ ಬೇಕಿಲ್ಲ, ಮೇಲಾಗಿ ‘00’ ಕೀಲಿಗೆ ಸ್ಥಳ ಸಿಗುತ್ತದೆ. ಮೇಜಿನ ಕ್ಯಾಲ್ಕುಲೇಟರ್ ಒತ್ತಿ ಪಳಗಿದ ವ್ಯಾಪಾರಿ ‘00’ ಕೀಲಿಯನ್ನು ಕಂಡೊಡನೆ ಸಂತೋಷಪಡುತ್ತಾನೆ. ಆದರೆ ಗಣಕದ ಕೀಲಿಮಣೆಯಲ್ಲೇ ಪಳಗಿದ ಲೆಕ್ಕಿಗನ ಹೆಬ್ಬೆರಳು ಅಗಲವಾದ ಸೊನ್ನೆಯ ಬಲ ಅಂಚನ್ನು ಒತ್ತುವ ಅಭ್ಯಾಸದ್ದಾಗಿದ್ದರೆ, ಅಲ್ಲಿ ಈಗ ‘00’ ಕುಳಿತಿರುತ್ತದೆ. ಐನೂರು ಬರೆಯಲು ಹೊರಟವನ ಕೈಯಲ್ಲಿ ಐವತ್ತು ಸಾವಿರ ಬಿದ್ದುಹೋಗುತ್ತದೆ. ಎಂಟರ್ ಕೀಲಿಯನ್ನೂ ಆತ ನೋಡಿ ಒತ್ತುವುದಿಲ್ಲ. ಕಿರುಬೆರಳು ತಾನಾಗಿ ಹೋಗುತ್ತದೆ. ಅದರ ಎತ್ತರ ಅರ್ಧವಾದರೆ ಬೆರಳು ಹಾದಿ ತಪ್ಪುತ್ತದೆ.

ಎರಡು ಪಕ್ಷಗಳದೂ ನ್ಯಾಯವಾದ ಬೇಡಿಕೆಯೇ. ಹವ್ಯಾಸಿಗಳು ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾಗಿದೆ. ಪಿಸಿಬಿಯಲ್ಲಿ ಎರಡೂ ಜೋಡಣೆಗಳಿಗೆ ಬೇಕಾದ ರಂಧ್ರಗಳನ್ನು ಮೊದಲೇ ಇಟ್ಟುಬಿಡುತ್ತಾರೆ. ಅದಕ್ಕೆ ತಗಲುವ ಹೆಚ್ಚುವರಿ ವೆಚ್ಚ ಹೇಳಿಕೊಳ್ಳುವಂಥದ್ದಲ್ಲ. ಮೇಲಿನ ತಗಡನ್ನು ಮಾತ್ರ ಎರಡು ಬಗೆಯಲ್ಲಿ ಕೊಯ್ಯುತ್ತಾರೆ. ಲೇಸರ್ ಯಂತ್ರಕ್ಕೆ ಇನ್ನೊಂದು ತಗಡೆಂದರೆ ಇನ್ನೊಂದು ಕಡತವಷ್ಟೇ. ಇದೇ ಬದಲಾವಣೆಯನ್ನು ಪ್ಲಾಸ್ಟಿಕ್ ಅಚ್ಚು ಹಾಕಿದ ಮೇಲೆ ಮಾಡಬೇಕಾಗಿ ಬಂದರೆ ಲಕ್ಷಗಟ್ಟಲೆ ರೂಪಾಯಿಗಳ ಅಚ್ಚು ಮೂಲೆ ಸೇರುತ್ತದೆ. ಸಣ್ಣ ತಯಾರಕ ಮೊದಲ ನೂರಿನ್ನೂರು ಪ್ಯಾಡುಗಳನ್ನು ತಗಡಿನಲ್ಲೇ ಮಾಡಿ, ಬೇಡಿಕೆ ಸ್ಥಿರವಾದ ಬಳಿಕವೇ ಅಚ್ಚಿನ ವಿಚಾರ ಮಾಡುವುದು ವಿವೇಕ.

ಕೀಲಿಗಳಿಗೆ ಯಾವ ಕೆಲಸ ವಹಿಸಬೇಕೆಂಬುದರಲ್ಲೂ ಇಂಥದೇ ಸ್ವಾತಂತ್ರ್ಯವಿದೆ. ಬೆಂಗಳೂರಿನ ಟ್ಯಾಲಿ ಸಲ್ಯೂಷನ್ಸ್ ರೂಪಿಸಿದ ತಂತ್ರಾಂಶವನ್ನು ಬಳಸುವ ಕಚೇರಿಗಳಲ್ಲಿ ಪಾವತಿಗೆ ಎಫ್5, ಜಮೆಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಕೀಲಿಗಳನ್ನು ಪದೇ ಪದೇ ಒತ್ತಬೇಕು. ವೋಚರ್ ಒಪ್ಪಿಸಲು ಕಂಟ್ರೋಲ್ ಮತ್ತು ‘ಎ’ ಎರಡನ್ನೂ ಜೊತೆಯಾಗಿ ಹಿಡಿಯಬೇಕು. ಇವನ್ನೆಲ್ಲ ಅಂಕಿಗಳ ಪಕ್ಕದಲ್ಲೇ ಒಂದೊಂದು ಕೀಲಿಗೆ ಇಳಿಸಿದರೆ ಬಲಗೈ ಎತ್ತದೆ ಸರಕುಪಟ್ಟಿ ಮುಗಿಸಬಹುದು. ಯಾವ ನಾಲ್ಕು ಕೀಲಿಗಳು ಮುಖ್ಯವೆಂಬುದನ್ನು ಕಾರ್ಖಾನೆಯಲ್ಲಿ ಕುಳಿತು ಊಹಿಸಲಾಗದು. ಬಟ್ಟೆ ವ್ಯಾಪಾರಿಗೆ ಮಾರಾಟದ ಕೀಲಿ ಮುಖ್ಯವಾದರೆ, ದಲ್ಲಾಳಿ ಮಂಡಿಯವರಿಗೆ ಪಾವತಿ ಮತ್ತು ಜಮೆ ಮುಖ್ಯವಾಗಬಹುದು.

ಕೇಳುವ ಕ್ರಮವೂ ಸರಿಯಾಗಿರಬೇಕು. ‘ನಿಮಗೆ ಏನು ಬೇಕು’ ಎಂದು ಪ್ರಶ್ನಿಸಿದರೆ ಬಣ್ಣದ ದೀಪದಿಂದ ಹಿಡಿದು ಹಿತ್ತಾಳೆಯ ತಳದವರೆಗೆ ಬೇಡಿಕೆಗಳ ಪಟ್ಟಿ ಬೆಳೆಯುತ್ತದೆ. (ಮಿನುಗುವ ದೀಪಗಳಿಂದ ತಾಳೆಪಟ್ಟಿ ಬೇಗ ತಾಳೆಯಾದ ಉದಾಹರಣೆ ಎಲ್ಲಿಯೂ ಇಲ್ಲ.) ಅದರ ಬದಲು ಅಳತೆಗೆ ಸರಿಯಾಗಿ ಮುದ್ರಿಸಿದ ಕಾಗದದ ಮೇಲೆ ಬೆರಳಿಡಿಸಿ, ನಂತರ ಎರಡು ಮಾದರಿಗಳನ್ನು ಜೋಡಿಸಿ ಒಬ್ಬರೇ ಲೆಕ್ಕಿಗರಿಂದ ಐವತ್ತು ವೋಚರುಗಳನ್ನು ಎರಡರಲ್ಲೂ ಬರೆಯಿಸಿ, ಸಮಯವನ್ನೂ ತಪ್ಪುಗಳನ್ನೂ ಗುರುತು ಹಾಕಿಕೊಳ್ಳಬೇಕು. ಸ್ವಿಚ್ಚಿನ ಸದ್ದಿನ ವಿಷಯವನ್ನೂ ಹೀಗೆಯೇ ತೀರ್ಮಾನಿಸಬಹುದು. ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ‘ಗೋಲ್ಡ್’ ಕೀಲಿಮಣೆಯ ಟಕ್ ಟಕ್ ಸದ್ದಿಗೆ ಒಗ್ಗಿದವರು ಸದ್ದಿಲ್ಲದ ಕೀಲಿಯನ್ನು ಒತ್ತಿತೋ ಇಲ್ಲವೋ ಎಂದು ಅನುಮಾನಿಸುತ್ತಾರೆ. ನಾಲ್ಕು ಮಂದಿ ಒಂದೇ ಕೋಣೆಯಲ್ಲಿ ಕೂರುವ ಕಚೇರಿಯ ಮಾತು ಬೇರೆ. ಕೇಳಿದ ಮೇಲೆ ನಿರ್ಧಾರ ಒಬ್ಬರದೇ ಆಗಿರಬೇಕು, ನಕ್ಷೆ ಮುಚ್ಚುವ ದಿನಾಂಕ ಮೊದಲೇ ಘೋಷಿತವಾಗಿರಬೇಕು. ಇಲ್ಲವಾದರೆ ತಿದ್ದುಪಡಿಗಳಿಗೆ ಕೊನೆಯೆಂಬುದೇ ಇರುವುದಿಲ್ಲ.

ಬೆಲೆಯಲ್ಲಿ ಚೀನಾದ ಸರಕಿನೊಡನೆ ಸ್ಪರ್ಧಿಸಬಹುದೇ ಎಂಬ ಆಕ್ಷೇಪ ಸಹಜವಾದುದು. 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿರುವುದರಿಂದ ಕೀಲಿಮಣೆಗಳ ಮೇಲೆ ಮೂಲ ಆಮದು ಸುಂಕವಿಲ್ಲ. ಸುಂಕದ ಆಸರೆಯನ್ನು ದೇಶೀಯ ತಯಾರಕ ನಿರೀಕ್ಷಿಸುವಂತಿಲ್ಲ. ಅಗ್ಗದ ಪ್ಯಾಡಿನ ಬೆಲೆಗೆ ಇದನ್ನು ಮಾರಲು ಸಾಧ್ಯವೇ ಇಲ್ಲ. ಮಾರಬೇಕಾದುದು ಒಗ್ಗುವಿಕೆಯನ್ನು ಮತ್ತು ದುರಸ್ತಿಯನ್ನು. ಬೆಸುಗೆಯಿಲ್ಲದೆ ಸ್ವಿಚ್ಚು ಬದಲಿಸುವ ಸಾಕೆಟ್ಟುಗಳನ್ನು ಹಾಕಿದರೆ, ಸವೆದ ಎಂಟರ್ ಕೀಲಿಯ ಸ್ವಿಚ್ಚನ್ನು ಕಚೇರಿಯ ಹುಡುಗನೇ ಎರಡು ನಿಮಿಷದಲ್ಲಿ ಬದಲಿಸಬಲ್ಲ. ಹತ್ತು ಮೇಜುಗಳಿರುವ ಲೆಕ್ಕ ಪರಿಶೋಧಕರ ಕಚೇರಿಗೆ ಈ ಮಾತು ಅರ್ಥವಾಗುತ್ತದೆ. ವರ್ಷಕ್ಕೊಮ್ಮೆ ಅಂಕಿ ಒತ್ತುವವರಿಗೆ ಇದನ್ನು ಮಾರಲು ಹೋಗುವುದು ವ್ಯರ್ಥ. ಕ್ಯೂಎಂಕೆ ಬಳಸಿ ಮಾರುವವರು ಅದರ ಪರವಾನಗಿಯ ಪ್ರಕಾರ ತಾವು ಮಾಡಿದ ಬದಲಾವಣೆಗಳ ಮೂಲಪಠ್ಯವನ್ನು ಕೊಂಡವರಿಗೆ ಒದಗಿಸಬೇಕೆಂಬುದನ್ನು ಮರೆಯಬಾರದು. ಕಡ್ಡಾಯ ನೋಂದಣಿ ಆದೇಶದ ಪಟ್ಟಿಯಲ್ಲಿ ನಿಸ್ತಂತು ಕೀಲಿಮಣೆಗಳು ಸೇರಿರುವುದರಿಂದ, ತಂತಿಯಿಲ್ಲದ ಮಾದರಿಗೆ ಕೈಹಾಕುವ ಮುನ್ನ ಭಾರತೀಯ ಮಾನಕ ಬ್ಯೂರೋದ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ ಹಣದ ಪ್ರಶ್ನೆ. ಹವ್ಯಾಸಿಗಳ ವಲಯದಲ್ಲಿ ಪೂರ್ಣ ಬೆಲೆಯನ್ನು ಮುಂಗಡವಾಗಿ ಸಂಗ್ರಹಿಸಿ, ಸಾಕಷ್ಟು ಜನ ಸೇರಿದ ಮೇಲೆ ತಯಾರಿಕೆ ಆರಂಭಿಸುವ ರೂಢಿಯಿದೆ. ತಯಾರಕನಿಗೆ ಬಂಡವಾಳದ ಚಿಂತೆಯಿಲ್ಲದ ಈ ಕ್ರಮ, 2020ರ ನಂತರದ ವರ್ಷಗಳಲ್ಲಿ ಬಿಡಿಭಾಗಗಳ ಕೊರತೆಯಾದಾಗ, ಕೊಳ್ಳುವವರಿಗೆ ದುಬಾರಿಯಾಯಿತು. ಸರಕು ಒಂದು ವರ್ಷ ತಡವಾದ ಪ್ರಸಂಗಗಳಿವೆ. ಹಣವೂ ಇಲ್ಲ, ಪ್ಯಾಡೂ ಇಲ್ಲವೆಂಬ ಪ್ರಸಂಗಗಳೂ ಇವೆ. ಊರಿನ ವ್ಯಾಪಾರಿಗಳ ನಡುವೆ ಹೆಸರು ಉಳಿಸಿಕೊಳ್ಳಬೇಕಾದ ಉದ್ಯಮಿಗೆ ಈ ದಾರಿ ತರವಲ್ಲ. ಮಾದರಿಯನ್ನು ಕೈಗಿತ್ತ ಮೇಲೆ ಕಾಲುಭಾಗ ಮುಂಗಡ, ಸರಕು ಒಪ್ಪಿಸಿದಾಗ ಉಳಿದದ್ದು ಎಂಬ ಹಳೆಯ ಕ್ರಮವೇ ಸಾಕು. ಸರಕುಗಳಿಗಾಗಿ ಪಡೆದ ಮುಂಗಡದ ಮೇಲೆ ಸಾಮಾನ್ಯ ನೋಂದಾಯಿತ ವರ್ತಕರು ಆಗಲೇ ಜಿಎಸ್‌ಟಿ ಕಟ್ಟಬೇಕಾಗಿಲ್ಲವೆಂದು 2017ರ ನವೆಂಬರ್‌ನಲ್ಲಿಯೇ ಅಧಿಸೂಚನೆ ಹೊರಬಿದ್ದಿದೆ. ಆದರೆ ಸಂಸ್ಥೆಯು ಕಂಪನಿಯಾಗಿ ನೋಂದಣಿಯಾಗಿದ್ದಲ್ಲಿ, ಮುಂಗಡ ಪಡೆದ 365 ದಿನಗಳೊಳಗೆ ಅದನ್ನು ಸರಕಿನ ಲೆಕ್ಕಕ್ಕೆ ಹೊಂದಿಸದಿದ್ದರೆ 2014ರ ಠೇವಣಿ ನಿಯಮಗಳ ಪ್ರಕಾರ ಆ ಹಣವನ್ನು ಠೇವಣಿಯೆಂದು ಪರಿಗಣಿಸುವ ಸಂಭವವಿದೆ. ಆದುದರಿಂದ ಮೊದಲ ಮುಂಗಡದ ರಸೀದಿ ಬರೆಯುವ ದಿನವೇ ಸರಕು ಒಪ್ಪಿಸುವ ದಿನಾಂಕವನ್ನೂ ಅದರ ಮೇಲೆ ನಮೂದಿಸಿ ಕೊಡುವುದು ಒಳ್ಳೆಯದು.