‘ಆವು ಅಕ್ಕ’ ಅಂದ್ರೆ ಒಪ್ಪಿಗೆಯಾ?

ನಿಮ್ಮ ಕೈಕೆಳಗೆ ಎಷ್ಟು ಜನ ಕೆಲಸ ಮಾಡ್ತಾರೆ ಅಂತ ಕೇಳಿದರೆ ‘ಅಯ್ಯೋ, ನಾನು ಹೌಸ್‌ವೈಫ್, ನನ್ನ ಕೈಕೆಳಗೆ ಯಾರು?’ ಅಂತ ನಗಬೇಡಿ. ಪಾತ್ರೆ ತೊಳೆಯಲು ಬರುವಾಕೆ ಇದ್ದಾಳಲ್ಲ? ಮನೆಯಲ್ಲೇ ಬ್ಲೌಸ್ ಹೊಲಿಸುವವರು, ಹಪ್ಪಳ, ಸಂಡಿಗೆ ಮಾಡಿಸಿ ಅಂಗಡಿಗೆ ಕೊಡುವವರು, ಬ್ಯೂಟಿ ಪಾರ್ಲರ್ ಇಟ್ಟವರು ನಮ್ಮಲ್ಲಿ ಎಷ್ಟಿಲ್ಲ! ಒಬ್ಬಳಿಗೆ ಸಂಬಳ ಕೊಡುವವಳೂ ಯಜಮಾನಿಯೇ.

ಯಜಮಾನಿಯರಿಗೆ ತುಂಬ ಇಷ್ಟವಾಗುವುದು ಬಾಯಿ ಬಿಡದ ಕೆಲಸದವಳು. ‘ಅವಳದ್ದೊಂದು ಮಾತಿಲ್ಲ ಮಾರಾಯ್ತಿ, ಚಿನ್ನದಂಥ ಹುಡುಗಿ’ ಅಂತ ಹೊಗಳ್ತೇವೆ. ನನ್ನ ಅತ್ತಿಗೆಯೂ ಹಾಗೇ ಹೊಗಳ್ತಿದ್ದರು. ಕದ್ರಿಯಲ್ಲಿ ಮನೆಯ ಹಿಂದೆ ಶೀಟ್ ಹಾಕಿದ ಕೋಣೆಯಲ್ಲಿ ಅವರ ಟೈಲರಿಂಗ್. ಐದು ಮಂದಿ ಹೆಂಗಸರು. ಮದುವೆ ಸೀಸನ್ ಬಂದಾಗ ‘ನಾಳೆಯಿಂದ ಐದೂವರೆ ಅಲ್ಲ, ಆರೂವರೆವರೆಗೆ ಕೂರುವ, ಆಗಬಹುದಲ್ಲ?’ ಅಂತ ಕೇಳಿದರು. ನಾನೂ ಅಲ್ಲೇ ಇದ್ದೆ. ನಾಲ್ವರು ಒಂದಿಷ್ಟು ಗೊಣಗಿ, ಹೆಚ್ಚು ಎಷ್ಟು ಕೊಡ್ತೀರಿ ಅಂತ ಚೌಕಾಸಿ ಮಾಡಿ ಒಪ್ಪಿದರು. ಮೂಲೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದವಳು ತಲೆ ಎತ್ತದೆ ‘ಆವು ಅಕ್ಕ’ ಅಂದಳು.

ಹದಿನೈದು ದಿನ ಬಂದಳು. ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ‘ದಾಲ ಇಜ್ಜಿ ಅಕ್ಕ, ಹುಷಾರಿಲ್ಲ’. ಸೀಸನ್ ಮಧ್ಯೆ ಕೈಕೊಟ್ಟಳು ಅಂತ ಅತ್ತಿಗೆಗೆ ಸಿಟ್ಟು. ಕೊನೆಗೆ ಪಕ್ಕದ ಮೆಷಿನ್ನಿನವಳು ಹೇಳಿದಳು. ಆರೂವರೆಗೆ ಹೊರಟರೆ ಸ್ಟೇಟ್ ಬ್ಯಾಂಕ್‌ನಲ್ಲಿ ಅವಳ ಊರಿನ ಬಸ್ಸು ತಪ್ಪುತ್ತಿತ್ತಂತೆ. ಮುಂದಿನ ಬಸ್ಸಿನಲ್ಲಿ ಹೋಗಿ ಇಳಿದರೆ ಕತ್ತಲು, ಗುಡ್ಡದ ದಾರಿ, ಒಬ್ಬಳೇ. ಎರಡು ಮೂರು ದಿನ ಯಾವನೋ ಬೈಕಿನಲ್ಲಿ ಹಿಂದೆಯೇ ಬಂದನಂತೆ. ಮನೆಯಲ್ಲಿ ಹೇಳಿದರೆ ಕೆಲಸವೇ ಬೇಡ ಅಂತಾರೆ, ಇಲ್ಲಿ ಹೇಳಿದರೆ ಅಕ್ಕನಿಗೆ ಬೇಜಾರು...

ನಾವು ಕೇಳಿದ ರೀತಿಯೇ ತಪ್ಪು. ಎಲ್ಲರೆದುರು ‘ಆಗಬಹುದಲ್ಲ?’ ಅಂತ ಉತ್ತರವನ್ನೂ ಸೇರಿಸಿ ಕೇಳಿದರೆ ಇಲ್ಲ ಅನ್ನಲು ಅಂಥವಳಿಗೆ ಧೈರ್ಯ ಎಲ್ಲಿಂದ ಬರಬೇಕು? ‘ಆರೂವರೆಗೆ ಬಿಟ್ಟರೆ ನೀನು ಮನೆ ಮುಟ್ಟುವಾಗ ಎಷ್ಟಾಗ್ತದೆ?’ ಅಂತ ಅವಳೊಬ್ಬಳನ್ನೇ ಕೇಳಿದ್ದರೆ ಬಸ್ಸಿನ ವಿಷಯ ಅಲ್ಲೇ ಬರ್ತಿತ್ತು. ಕೇಳಿದ ಮೇಲೆ ಕಾಯಲೂ ಬೇಕು. ನಮಗೋ ಒಂದು ಗಳಿಗೆ ಸುಮ್ಮನಿರಲು ಆಗುವುದಿಲ್ಲ, ಅವಳ ಮಾತನ್ನೂ ನಾವೇ ಆಡಿ ಮುಗಿಸ್ತೇವೆ.

ಕೇಳದೆಯೇ ತೀರ್ಮಾನ ಮಾಡಿದರೆ ಏನಾಗ್ತದೆ ಅಂತ ಬೆಂಗಳೂರು ನೋಡಿದೆ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಅಂತ 2016ರಲ್ಲಿ ಹೊಸ ನಿಯಮ ಬಂತು. ಮಗಳ ಮದುವೆಗೆ, ಸಾಲ ತೀರಿಸಲಿಕ್ಕೆ ಆ ದುಡ್ಡನ್ನೇ ನಂಬಿದ್ದ ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್ 18 ಮತ್ತು 19ರಂದು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಮುಂದೆ ನಿಂತು ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿಯೂ ಬೀಸಿತು. 19ರಂದೇ ಕೇಂದ್ರ ಸರ್ಕಾರ ನಿಯಮ ಕೈಬಿಟ್ಟಿತು. ತಲೆ ತಗ್ಗಿಸಿ ಹೊಲಿಯುವ ಇವರಿಗೆ ಬಾಯೇ ಇಲ್ಲ ಅಂದುಕೊಂಡವರೇ ಅಲ್ಲಿಯವರೆಗೆ ಹೆಚ್ಚು!

ಹಾಗಂತ ಮೌನವೆಲ್ಲ ದುಃಖವಲ್ಲ. ಕೆಲವರ ಸ್ವಭಾವವೇ ಹಾಗೆ, ಅವರನ್ನು ‘ಯಾಕೆ ಮುಖ ಊದಿಸಿದ್ದೀ?’ ಅಂತ ಕೆಣಕಬೇಡಿ. ಕೆಲವರಿಗೆ ಭಾಷೆಯ ತೊಡಕು. ನಮ್ಮೂರಲ್ಲಿ ಒಂದೇ ಕೋಣೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲ ಓಡಾಡ್ತವೆ, ಬಾಗಲಕೋಟೆ ಕಡೆಯಿಂದ ಬಂದಾಕೆ ಅದರ ನಡುವೆ ಎಲ್ಲಿ ಬಾಯಿ ಹಾಕಬೇಕು? ಸಂಬಳ ಏರಿಸುವಾಗಲೂ ಅಷ್ಟೇ, ಕೇಳಿದವಳಿಗೆ ಮೊದಲು ಸಿಗ್ತದೆ. ಕೇಳದವಳ ಲೆಕ್ಕ ನೀವೇ ನೆನಪಿಟ್ಟುಕೊಳ್ಳಿ.

ಆದರೆ ನಗುನಗುತ್ತಾ ಇದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದರೆ, ಒಬ್ಬ ಗಂಡಸು ಬಂದೊಡನೆ ಎದ್ದು ಒಳಗೆ ಹೋದರೆ, ದಯವಿಟ್ಟು ಸ್ವಭಾವ ಅನ್ನಬೇಡಿ. ಆ ಗಂಡಸು ನಮ್ಮ ಮನೆಯವನೇ ಆಗಿದ್ದರೂ! ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವಳಿಗೂ ಅನ್ವಯಿಸ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದವರೂ ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು. ಬರೆಯಲು ಬಾರದವಳಿಗೆ ಬರೆಸಿಕೊಳ್ಳಲು ಸಮಿತಿಯವರೇ ನೆರವಾಗಬೇಕು. ಮಾತು ಬಾರದೆ ಕೂತವಳಿಗೆ ಇಷ್ಟನ್ನು ತಿಳಿಸುವವರು ಯಾರು, ನಾವಲ್ಲದೆ?

ಅತ್ತಿಗೆ ಒಂದು ಭಾನುವಾರ ಫೋನ್ ಬಿಟ್ಟು ಅವಳ ಮನೆಗೇ ಹೋದರು. ಚಹಾ ಕುಡಿದು, ಅಂಗಳದ ಮಲ್ಲಿಗೆ ನೋಡಿ, ಬಹಳ ಹೊತ್ತು ಕೂತರು. ಏಳುವ ಹೊತ್ತಿಗೆ ಅವಳೇ ಮೆಲ್ಲ ಹೇಳಿದಳಂತೆ, ‘ಬೆಳಿಗ್ಗೆ ಒಂದು ಗಂಟೆ ಮೊದಲೇ ಬಂದರೆ ಆಗ್ತದಾ ಅಕ್ಕ, ಸಂಜೆ ಐದೂವರೆಗೇ ಬಿಡ್ತೀರಾ?’ ಇದನ್ನು ಅವಳು ಸೀಸನ್ನಿನ ಮೊದಲ ದಿನವೇ ಯೋಚಿಸಿಟ್ಟಿದ್ದಳು.