ನೊರೆಯ ಗೆರೆಯಾಚೆಗೆ

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟ ಬಸ್ಸು ತ್ರಾಸಿಯನ್ನು ದಾಟಿ ಮರವಂತೆಗೆ ಬಂದೊಡನೆ ಒಳಗಿನ ಮಾತುಕತೆ ತಾನಾಗಿ ನಿಂತುಹೋಗುವುದುಂಟು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ಒಂದು ಹೆದ್ದಾರಿ. ಕಿಟಕಿಯ ಬಳಿ ಕುಳಿತವರ ಕಣ್ಣು ದೂರದ ನೀಲಿಯ ಮೇಲೆಯೇ ನೆಟ್ಟಿರುತ್ತದೆ. ದಡಕ್ಕೂ ಆ ನೀಲಿಗೂ ನಡುವೆ ಇರುವ ಬಿಳಿಯ ನೊರೆಯ ಪಟ್ಟಿಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ದಾಟಿ ಆಚೆಗೆ ಹೋಗಬೇಕೆಂದು ಮನಸ್ಸು ಮಾಡಿದವನಿಗೆ ಮಾತ್ರ ಅದರ ಅಗಲ ಎಷ್ಟೆಂಬುದು ತಿಳಿಯುತ್ತದೆ.

ಹಾಗೆ ಮನಸ್ಸು ಮಾಡುವ ತರುಣರು ಈಗ ಈ ಕರಾವಳಿಗೆ ಹೊಸಬರಲ್ಲ. ದಕ್ಷಿಣಕ್ಕೆ ಮೂಲ್ಕಿಯಲ್ಲಿ 2004ರಲ್ಲಿಯೇ ತೆರೆಯಾಟದ ಸಂಘವೊಂದು ಹುಟ್ಟಿತು. 2016ರಲ್ಲಿ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಸರ್ಫಿಂಗಿನ ಉದ್ದ ಹಲಗೆಯ ಮೇಲೆ ಎದ್ದು ನಿಲ್ಲುವ ಧೈರ್ಯವಿಲ್ಲದವರು ಬಾಡಿಬೋರ್ಡನ್ನು ಹಿಡಿಯುತ್ತಾರೆ. 1971ರಲ್ಲಿ ಹವಾಯಿಯಲ್ಲಿ ಟಾಮ್ ಮೋರಿ ಎಂಬಾತ ರೂಪಿಸಿದ ಈ ಸಾಧನ, ನೆಲಕ್ಕೆ ನಿಲ್ಲಿಸಿದರೆ ಹೊಕ್ಕುಳಿನ ಮಟ್ಟಕ್ಕೆ ಬರುವ ಹಗುರವಾದ ಫೋಮಿನ ಹಲಗೆ. ಅದರ ಮೇಲೆ ಎದೆಯೂರಿ ಮಲಗಿದರಾಯಿತು, ಉಳಿದುದನ್ನು ಅಲೆ ನೋಡಿಕೊಳ್ಳುತ್ತದೆ ಎಂಬುದು ಹೊಸಬನ ನಂಬಿಕೆ. ಅಲೆ ನೋಡಿಕೊಳ್ಳುವುದೇನೋ ನಿಜ. ಆದರೆ ಮೊದಲು ಅಲೆ ಏಳುವ ಜಾಗಕ್ಕೆ ಹೋಗಿ ಸೇರಬೇಕಲ್ಲ!

ಈ ಹೊಸಬನ ಮೊದಲ ದಿನವನ್ನು ದಡದಲ್ಲಿ ಕುಳಿತು ನೋಡಿದವರಿಗೆ ನಗುವೂ ಬಂದೀತು, ಮರುಕವೂ ಹುಟ್ಟೀತು. ಹಲಗೆಯನ್ನು ಎದೆಗೆ ಅಡ್ಡವಾಗಿ ಅಪ್ಪಿಕೊಂಡು ಆತ ನೀರಿಗೆ ಇಳಿಯುತ್ತಾನೆ. ಮೊದಲ ನೊರೆ ಹಲಗೆಗೆ ಬಡಿದು, ಹಲಗೆ ಮೂಗಿಗೆ ಬಡಿಯುತ್ತದೆ. ಎದ್ದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಎರಡನೆಯದು. ಅದಕ್ಕೆ ಬೆನ್ನು ಕೊಟ್ಟು ನಿಂತರೆ ಮೂರನೆಯದು ಆತನನ್ನು ಹೊರಟಲ್ಲಿಗೇ ತಂದು ಒಗೆಯುತ್ತದೆ. ಕಾಲು ಗಂಟೆಯ ಹೋರಾಟದಿಂದ ಆತ ಮುಂದಕ್ಕೆ ಸರಿದಿರುವುದು ಹತ್ತು ಮಾರು, ಅದೂ ಪಕ್ಕಕ್ಕೆ.

ತಪ್ಪು ತೋಳಿನ ಬಲದ್ದಲ್ಲ. ಆಳವಾದ ಕಡಲಿನಲ್ಲಿ ಅಲೆ ಸಾಗುತ್ತದೆಯೇ ಹೊರತು ನೀರು ಸಾಗುವುದಿಲ್ಲ. ಅದು ಇದ್ದಲ್ಲಿಯೇ ಸುತ್ತು ಹಾಕಿ ಏರಿ ಇಳಿಯುತ್ತಿರುತ್ತದೆ. ದಡ ಸಮೀಪಿಸಿದಂತೆ ಅಲೆಯ ಬುಡ ನೆಲಕ್ಕೆ ತಾಗಿ ವೇಗ ಕುಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ಒಂದು ಮೀಟರು ಎತ್ತರದ ಅಲೆ ಸುಮಾರು ಒಂದೂಕಾಲು ಮೀಟರು ಆಳದ ನೀರಿಗೆ ಬಂದಾಗ ತಲೆಕೆಳಗಾಗಿ ಮುರಿಯುತ್ತದೆ. ಅಲ್ಲಿಂದ ಮುಂದಕ್ಕೆ ನುಗ್ಗುವುದು ಬರಿಯ ಅಲೆಯಲ್ಲ, ನೀರೇ. ಎದೆಯುದ್ದದ ನೀರಿನಲ್ಲಿ ಅದನ್ನು ಎದುರಿಸಿ ನಿಲ್ಲುವುದೆಂದರೆ ಉರುಳಿಬರುವ ಬಂಡಿಗೆ ಭುಜ ಕೊಟ್ಟಂತೆ.

ಈ ವಿದ್ಯೆ ಮೊಗವೀರರಿಗೂ ಖಾರ್ವಿಗಳಿಗೂ ಹಲಗೆ ಹುಟ್ಟುವ ಎಷ್ಟೋ ಮುಂಚೆಯೇ ಗೊತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬರುವವರೆಗೆ ಈ ತೀರದಲ್ಲಿ ರಂಪಣಿ ಬಲೆಯದೇ ರಾಜ್ಯ. ದೋಣಿ ದಡದಿಂದಲೇ ನೊರೆಯನ್ನು ಸೀಳಿಕೊಂಡು ಹೋಗಿ, ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಹಿಂದಿರುಗಬೇಕಾಗಿತ್ತು. ಹುಟ್ಟು ಹಿಡಿದ ತೋಳುಗಳಿಗೆ ಬಲವಿರಲಿಲ್ಲವೆಂದಲ್ಲ. ಆದರೂ ಅವರು ನೀರಿಗೆ ನೂಕಿದ ದೋಣಿಯನ್ನು ಹಿಡಿದುಕೊಂಡು ಕಾಯುತ್ತಿದ್ದರು. ಅಲೆಗಳು ಬರುವುದು ತಂಡತಂಡವಾಗಿ. ಅಳತೆಯಲ್ಲಿ ತುಸುತುಸು ಬೇರೆಯಾದ ಸಾಲುಗಳು ಒಂದರ ಮೇಲೊಂದು ಬಿದ್ದು, ಏರಿಗೆ ಏರು ಕೂಡಿದಾಗ ದೊಡ್ಡ ತೆರೆಗಳೂ, ಏರಿಗೆ ತಗ್ಗು ಕೂಡಿದಾಗ ಒಂದಿಷ್ಟು ಬಿಡುವೂ ಉಂಟಾಗುತ್ತವೆ. ದೊಡ್ಡ ತಂಡ ಕಳೆದೊಡನೆ ದೋಣಿಯ ಮೂತಿಯನ್ನು ತೆರೆಗೆ ನೇರವಾಗಿ ಇಟ್ಟು ಒಂದೇ ಉಸಿರಿಗೆ ಹೊರಟುಬಿಡುವುದು ಅವರ ಪದ್ಧತಿ.

ಹಲಗೆಯವನಿಗೂ ಇದೇ ಪದ್ಧತಿ ಸಲ್ಲುತ್ತದೆ. ಮೊದಲು ಹತ್ತು ನಿಮಿಷ ಮರಳಿನ ಮೇಲೆ ಕುಳಿತು ಎಣಿಸಬೇಕು. (ಈ ಹತ್ತು ನಿಮಿಷವೇ ತರುಣರಿಗೆ ಎಲ್ಲಕ್ಕಿಂತ ಕಠಿಣವಾದುದು.) ಸೊಂಟದ ಮಟ್ಟದವರೆಗೆ ಈಜದೆ ನಡೆಯುವುದೇ ಲೇಸು, ಹಲಗೆ ಎದುರಿಗಿರದೆ ಪಕ್ಕದಲ್ಲಿರಲಿ. ಸಣ್ಣ ನೊರೆಯಾದರೆ ಮೇಲಕ್ಕೆ ನೆಗೆದು ಬಿಟ್ಟುಕೊಡಬಹುದು. ದೊಡ್ಡದು ಎದುರಾದಾಗ ಮಾಡಬೇಕಾದುದು ಹೆದರಿಕೆ ಹೇಳುವುದಕ್ಕೆ ನೇರ ವಿರುದ್ಧ: ಅದರ ಕಡೆಗೇ ಸಾಗಿ, ಒಂದೆರಡು ಕ್ಷಣ ಮುಂಚಿತವಾಗಿ ಎರಡು ಕೈಗಳಿಂದ ಹಲಗೆಯ ಮೂತಿಯನ್ನು ಒತ್ತಿ, ಮೊಣಕಾಲಿನಿಂದ ಹಿಂಭಾಗವನ್ನು ಅದುಮಿ, ಅಡಿಗೆ ಮುಳುಗುವುದು. ಅಬ್ಬರವೆಲ್ಲ ಮೇಲ್ಮೈಯಲ್ಲಿ, ತುಸು ಕೆಳಗೆ ನೀರು ಆಶ್ಚರ್ಯವಾಗುವಷ್ಟು ಶಾಂತವಾಗಿರುತ್ತದೆ. ತಲೆಯ ಮೇಲೆ ಗುಡುಗು ಸರಿದುಹೋದ ಬಳಿಕ ಮೂತಿಯನ್ನು ಮೇಲಕ್ಕೆತ್ತಿದರೆ ಹಲಗೆಯೇ ಬೆಳಕಿಗೆ ಎಳೆದು ತರುತ್ತದೆ.

ಇಷ್ಟನ್ನು ಕಲಿತವನು ಇನ್ನೊಂದನ್ನು ಕಲಿಯದಿದ್ದರೆ ಕಲಿತುದೇ ಅಪಾಯಕ್ಕೆ ದಾರಿ. ದಡಕ್ಕೆ ನುಗ್ಗಿದ ನೀರೆಲ್ಲ ಹಿಂದಿರುಗಲೇಬೇಕು. ಅದು ಮರಳದಿಬ್ಬಗಳ ನಡುವಿನ ಕಂಡಿಯಲ್ಲಿ, ಕಡಲ್ಕೊರೆತವನ್ನು ತಡೆಯಲು ಸುರಿದ ಬಂಡೆಗಳ ಮಗ್ಗುಲಲ್ಲಿ, ಇಕ್ಕಟ್ಟಾದ ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಅಲ್ಲಿ ಅಲೆ ಮುರಿಯುವುದು ಕಡಮೆ, ನೀರಿನ ಬಣ್ಣ ಗಾಢ, ನೋಟಕ್ಕೆ ಅದೇ ಸೌಮ್ಯವಾದ ಜಾಗ. ಆದುದರಿಂದಲೇ ಮಕ್ಕಳನ್ನು ಕರೆದುಕೊಂಡು ಬಂದ ಸಂಸಾರಗಳು ಅಲ್ಲಿಯೇ ಇಳಿಯುತ್ತವೆ. ಈ ಸೆಳೆತ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರನ್ನು ಮೀರುತ್ತದೆ. ಅದಕ್ಕೆದುರಾಗಿ ಪದಕ ಗೆದ್ದ ಈಜುಗಾರನೂ ಈಜಲಾರ. ಪಳಗಿದ ಹಲಗೆಗಾರ ಅದನ್ನೇ ಏಣಿಯಾಗಿ ಬಳಸಿ ಶ್ರಮವಿಲ್ಲದೆ ಆಚೆಗೆ ಹೋಗುತ್ತಾನೆ. ಪಳಗದವನು ದಡದ ಕಡೆಗೆ ಕೈಬಡಿದು ಬಡಿದು ಸೋಲುತ್ತಾನೆ. ಸೆಳೆತ ನೀರಿನಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ, ಅಷ್ಟೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಿದ್ದು, ಬಳಿಕ ನೊರೆಯೊಡನೆ ಮರಳಬೇಕು. ಹಲಗೆಯನ್ನಂತೂ ಯಾವ ಕಾರಣಕ್ಕೂ ಬಿಡಕೂಡದು.

ಅಳಿವೆಗಳ ಮಾತು ಇನ್ನೂ ಬೇರೆ. ಗಂಗೊಳ್ಳಿಯಲ್ಲಿ ಐದು ನದಿಗಳೂ, ಕೋಡಿಬೆಂಗ್ರೆಯಲ್ಲಿ ಸೀತಾ ಸುವರ್ಣಾ ನದಿಗಳೂ ಕಡಲನ್ನು ಸೇರುವೆಡೆ, ಇಳಿತದ ನೀರು ಏರಿಬರುವ ತೆರೆಗೆ ಎದುರಾಗಿ ಅಲೆ ಕಡಿದಾಗುತ್ತದೆ. ಎಂಜಿನ್ ದೋಣಿಗಳೂ ಅಂಜುವ ಜಾಗವದು. ಇನ್ನು ಮಳೆಗಾಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ದಡದಲ್ಲಿ ಕಟ್ಟಿಕೊಂಡಿರುವಾಗ, ಹೊಕ್ಕುಳುದ್ದದ ಹಲಗೆಗೆ ಅಲ್ಲಿ ಏನು ಕೆಲಸ?

ದಡದಲ್ಲಿ ಉಳಿದವರಿಗೂ ಒಂದು ಕೆಲಸವುಂಟು. ಸೆಳೆತಕ್ಕೆ ಸಿಕ್ಕ ಮಗನನ್ನು ಕಂಡ ತಂದೆ ಉಟ್ಟಬಟ್ಟೆಯಲ್ಲೇ ಧುಮುಕುವುದು ಸಹಜ. ಹಾಗೆ ಧುಮುಕಿದವನೇ ಮುಳುಗಿ, ಮಗ ಬದುಕಿ ಬರುವುದೂ ಉಂಟು. ತೇಲುವ ಏನನ್ನಾದರೂ, ಕಡೆಗೆ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನಾದರೂ, ಎಸೆದು, ಹತ್ತಿರದ ದೋಣಿಯವರನ್ನು ಕೂಗಿ, ತೇಲುತ್ತಿರುವ ತಲೆಯ ಕಡೆಗೆ ಚಾಚಿದ ಬೆರಳನ್ನು ಇಳಿಸದೆ ನಿಂತಿರಬೇಕು. ಅಲೆಗಳ ನಡುವೆ ದೋಣಿಯಲ್ಲಿರುವವನಿಗೆ ಆ ತಲೆ ಕಾಣುವುದಿಲ್ಲ. ದಡದ ಮೇಲಿನ ಆ ಕೈ ಕಾಣುತ್ತದೆ.