ಹಳೇ ಕ್ರಿಸ್‌ಮಸ್ ಪ್ಲೇಟು, ನಮ್ಮ ಕುಸುರೆಳ್ಳು

ಹಳೇ ಗ್ರಾಮಫೋನ್ ಪ್ಲೇಟು ಕೂಡಿಸೋ ಮಂದಿಯೊಳಗ ಎರಡು ನಮೂನಿ ಇರ್ತಾರ. ಒಬ್ರು ಕೂಡಿಸಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತಾರ. ಇನ್ನೊಬ್ರು ಕೂಡಿಸಿ ಓಣಿಗೆಲ್ಲಾ ಕೇಳಸ್ತಾರ. ಕೀಲಿ ಹಾಕಿದವರ ಹತ್ರ ಇರೋದು ಹಾಡಲ್ಲ, ಬರೇ ಕರೀ ತಾಟು ಅಂತ ನನ್ನ ಅಭಿಪ್ರಾಯ.

ಬಾಣಂತನಕ್ಕಂತ ಅಮೇರಿಕಾಕ್ಕ ಹೋದಾಕಿಗೆ ಕ್ರಿಸ್‌ಮಸ್ ಪ್ಲೇಟಿನ ಉಸಾಬರಿ ಯಾಕ ಬೇಕಿತ್ತು ಅಂತ ನಮ್ಮ ವೈನಿ ನಗ್ತಾರ, ಗೊತ್ತದ. ಆದ್ರ ಇಲ್ಲೆ ಮಗಳ ಬಾಜೂ ಮನಿ ಅಜ್ಜಿ ಮಾಡೋದು ನೋಡಿ ನನಗ ನಮ್ಮ ಸಂಕ್ರಮಣನ ನೆನಪಾತು. ನಾವು ಕುಸುರೆಳ್ಳು ಹಂಚಿದಂಗ ಈಕಿ ಡಿಸೆಂಬರ್ ಬಂತಂದ್ರ ಮನಿಮನಿಗೆ ಬಿಸ್ಕೀಟಿನ ಡಬ್ಬಿ, ಅದರ ಜೋಡಿ ಒಂದು ಪೆನ್‌ಡ್ರೈವ್ ಕೊಡ್ತಾಳ. ಅದರಾಗ ತನ್ನ ಅವ್ವ ಕೂಡಿಸಿದ್ದ ಪ್ಲೇಟಿನ ಹಾಡು. ಆಕಿ ತಮ್ಮ ಮಾತ್ರ, ಪುಕ್ಕಟೆ ಹಂಚಿದ್ರ ಬೆಲಿ ಹೋಗ್ತದ, ಮುಚ್ಚಿಡು ಅಂತಾನ. ನಾನು ಅಜ್ಜಿ ಕಡೆ.

ಏನೇನವ ಅಂದ್ರ, ಇಟಲಿಯ ಕಾರೂಸೊ 1916ರಾಗ ಫ್ರೆಂಚ್ ಭಾಷೆಯೊಳಗ ಹಾಡಿದ ಕ್ರಿಸ್‌ಮಸ್ ಹಾಡು ಅದ. ಐರ್ಲೆಂಡಿನ ಜಾನ್ ಮೆಕಾರ್ಮಾಕ್ 1915ರಾಗ ಹಾಡಿದ ಲ್ಯಾಟಿನ್ ಹಾಡು ಅದ. ಆಗಿನ್ನೂ ಪ್ಲೇಟಿಗೆ ಹಾಡೋರಿಗೆ ಮೈಕ್ ಇರಲಿಲ್ಲ. ದೊಡ್ಡ ತುತ್ತೂರಿ ಬಾಯಿಗೆ ಮಾರಿ ಹಿಡಿದು ಜೋರಾಗಿ ಹಾಡಬೇಕು, ಆ ದನಿಯ ಅದುರೇ ಮೇಣದ ಮ್ಯಾಲ ಗೀರು ಕೊರೀತಿತ್ತು. 1925ರಾಗ ಮೈಕ್ ಬಂದ ಮ್ಯಾಲ ನೂರಾರು ಗಂಡಸರು ಒಮ್ಮೆಲೇ ಹಾಡಿದ್ದೂ ಪ್ಲೇಟಾತು. ಎರಡನ್ನೂ ಬೆನ್ನಾಬೆನ್ನಿ ಕೇಳಿದ್ರ, ಕದಾ ಹಾಕಿದ ಖೋಲಿಯಿಂದ ಅಂಗಳಕ್ಕ ಬಂದಂಗ ಅನಸ್ತದ.

ಇನ್ನ ಈ ಪ್ಲೇಟಿಗೂ ನಮಗೂ ಇರೋ ಸಂಬಂಧ ಕೇಳ್ರಿ. ಆಗಿನ ಪ್ಲೇಟು ಪ್ಲಾಸ್ಟಿಕ್ಕಿಂದಲ್ಲ, ಅರಗಿಂದು. ಹೌದ್ರೀ, ಪಾಂಡವರ ಅರಗಿನ ಮನಿ, ನಮ್ಮ ಅರಗಿನ ಬಳಿ, ಅದೇ ಅರಗು. ಛೋಟಾ ನಾಗಪುರದ ಕಡೆ ಮುತ್ತಲ ಗಿಡದ ಮ್ಯಾಲ ಹುಳಾ ಕಟ್ಟಿದ್ದನ್ನ ಕೆರೆದು, ಶುದ್ಧ ಮಾಡಿ ಹಡಗಿನ್ಯಾಗ ಕಳಸ್ತಿದ್ರು. ಅದಕ್ಕ ಕಲ್ಲಿನ ಪುಡಿ, ಮಸಿ ಕೂಡಿಸಿ ಬಿಸಿ ಮಾಡಿ ಒತ್ತಿದ್ರ ಪ್ಲೇಟು. ಬಾಜೂ ಮನಿ ಅಜ್ಜಿಗೆ ಇದು ಗೊತ್ತಿರಲಿಲ್ಲ. ನನ್ನ ಕೈಯಾನ ಅರಗಿನ ಬಳಿ ತೋರಿಸಿದೆ, ಮುಟ್ಟಿ ಮುಟ್ಟಿ ನೋಡಿದಳು.

ಯುದ್ಧ ಬಂದ ಕೂಡ್ಲೆ ಅರಗಿಗೆ ಬರ ಬಂತು. 1942ರ ಏಪ್ರಿಲ್‌ದಾಗ ಅಮೇರಿಕಾ ಸರಕಾರ ಪ್ಲೇಟಿಗೆ ಬಳಸೋ ಅರಗನ್ನ ನೂರಕ್ಕ 70ರಷ್ಟು ಕಡಿಮಿ ಮಾಡಿಸ್ತು. ಹಳೇ ಪ್ಲೇಟು ತರ್ರಿ, ಕರಗಿಸಿ ಹೊಸಾವು ಮಾಡ್ತೀವಿ ಅಂತ ಕಂಪನಿಗಳು ಕೂಡಿಸಿದವು. ಹಂಗ ಎಷ್ಟು ಮಂದಿಯ ದನಿ ಕಡಾಯಿಯೊಳಗ ಹೋತೋ! ನಾವು ಹಳೇ ಜರದ ಸೀರಿ ಸುಡಸಿ ಬೆಳ್ಳಿ ತಗೊಂಡಂಗ.

ಅದೇ 1942ರಾಗ ಬಿಂಗ್ ಕ್ರಾಸ್ಬಿಯ ‘ವೈಟ್ ಕ್ರಿಸ್‌ಮಸ್’ ಬಂತು. ಎಷ್ಟು ಖರ್ಚಾತಂದ್ರ, ಒತ್ತೀ ಒತ್ತೀ ಮೂಲ ಅಚ್ಚೇ ಸವದು ಹೋತು. 1947ರಾಗ ಆತನ್ನ ಮತ್ತ ಕರಿಸಿ, ಹಂಗಂಗ ಇನ್ನೊಮ್ಮೆ ಹಾಡಿಸಿದ್ರು. ಈಗ ಅಂಗಡಿಯಾಗ, ರೇಡಿಯೋದಾಗ ಸಾಮಾನ್ಯವಾಗಿ ಕೇಳೋದು ಆ ಎರಡನೇದ್ದು. ಕಂಪನಿ ಹತ್ರ ಇದ್ದ ಅಚ್ಚು ಸವೀತು, ಮಂದಿ ಮನಿಯಾಗಿನ ಪ್ಲೇಟು ಉಳೀತು. ಅಜ್ಜಿ ಅವ್ವ ತಗೊಂಡದ್ದು ಮೊದಲನೇದ್ದು.

ತಮ್ಮ ಅಂಬೋ ಮನಷಾ ಅದಕ್ಕ ಭಾರೀ ರೊಕ್ಕ ಬರ್ತದ ಅಂತ ತಿಳದಾನ. ಬರಂಗಿಲ್ಲ. ಮನಿಮನಿಗೆ ಇದ್ದ ಪ್ಲೇಟಿಗೆ ಯಾರು ರೊಕ್ಕ ಕೊಡ್ತಾರ? ಬೆಲಿ ಇರೋದು ಆಗ ಯಾರೂ ಕೊಳ್ಳಲಾರದ ಉಳಿದವಕ್ಕ. ಅವುಗಳ ಹಾಡು ಹಂಚಿದ್ರೂ ಪ್ಲೇಟಿನ ಬೆಲಿ ಪ್ಲೇಟಿಗೇ ಇರ್ತದ. ಹೋಳಿಗಿ ಮಾಡೋದು ಕಲಿಸಿಕೊಟ್ರ ನನ್ನ ಹಂಚು ಹೋಗ್ತದೇನು?

ಕಾಯದೆ ಮಾತು ಬ್ಯಾರೆ, ಅದನ್ನ ಹಾರಿಸಿ ಹೋಗೂ ಹಂಗಿಲ್ಲ. ಇಲ್ಲೆ 1923ಕ್ಕಿಂತ ಹಿಂದಿನ ಧ್ವನಿಮುದ್ರಣ ಎಲ್ಲಾ 2022ರ ಜನವರಿ 1ರಿಂದ ಎಲ್ಲಾರವು. ಅಲ್ಲಿಂದ 1946ರ ತನಕಾದವಕ್ಕ ನೂರು ವರ್ಷ ತುಂಬಬೇಕು. ಹಂಗಾಗಿ ಅಜ್ಜಿ ಕಾರೂಸೊನ್ನ ಪೆನ್‌ಡ್ರೈವಿನ್ಯಾಗ ಹಾಕ್ತಾಳ, ಕ್ರಾಸ್ಬಿನ್ನ ಹಾಕಂಗಿಲ್ಲ. ಅದು ಬೇಕಂದ್ರ ಅವರ ಮನಿಗೇ ಹೋಗಿ ಕೂತು ಕೇಳಬೇಕು. ಇದು ನನಗ ಸರಿ ಕಾಣಸ್ತದ. ಆದ್ರ ಕಂಪನಿಗಳು ಎಂದೋ ಮಾರೋದು ಬಿಟ್ಟ ಹಾಡಿಗೂ ನೂರು ವರ್ಷ ಅನ್ನೋದು ಸುಳ್ಳ ಹಟ. ಅರಗಿನ ಪ್ಲೇಟು ಒಮ್ಮೆ ಕೈ ಜಾರಿದ್ರ ಹಪ್ಪಳ ಆದಂಗ. 1889ರಾಗ ಎಡಿಸನ್‌ನ ಕೊಳವಿ ಮ್ಯಾಲ ಬ್ಯಾಂಜೋದಾಗ ಬಾರಿಸಿದ ‘ಜಿಂಗಲ್ ಬೆಲ್ಸ್’ ಒಂದೂ ಉಳಿದಿಲ್ಲ. ಆಗ ನಕಲು ಮಾಡಿ ಹಂಚೋರು ಒಬ್ಬರರ ಇದ್ದಿದ್ರ ಇವತ್ತು ಕೇಳಬಹುದಿತ್ತು.

ಹಂಗಂತ ದಿನಾ ಮೂಲ ಪ್ಲೇಟೇ ಹಚ್ಚಬ್ಯಾಡ್ರಿ. ಹಳೇ ಮಶೀನಿನ ಉಕ್ಕಿನ ಪಿನ್ನು ಭಾಳ ಭಾರ, ಗೀರು ಸವೀತಾವ. ಹಗೂರ ಪಿನ್ನಿನ ಈಗಿನ ಮಶೀನಿನ್ಯಾಗ 78ರ ವೇಗಕ್ಕ ಇಟ್ಟು ಒಮ್ಮೆ ನಕಲು ಮಾಡ್ಕೊಂಡು, ಆ ಮ್ಯಾಲ ನಕಲನ್ನ ಮನಿತುಂಬ ಹಚ್ರಿ. ಪ್ಲೇಟನ್ನ ಒಂದರ ಮ್ಯಾಲೊಂದು ಪೇರಸಬ್ಯಾಡ್ರಿ, ಪುಸ್ತಕದಂಗ ನಿಂದರಸ್ರಿ. ಧೂಳ ಆಗಿದ್ರ ಒಂಚೂರು ಸಾಬಾಣದ ನೀರು ಹಚ್ಚಿ, ನಡುವಿನ ಕಾಗದ ತೊಯ್ಯಲಾರದಂಗ ಒರಸಿ, ತಕ್ಷಣ ಆರಸ್ರಿ. ಸ್ಪಿರಿಟ್ ಮಾತ್ರ ಮುಟ್ಟಸಬ್ಯಾಡ್ರಿ! ಬಡಿಗ್ಯಾ ಅರಗನ್ನ ಸ್ಪಿರಿಟ್‌ನ್ಯಾಗ ಕರಗಿಸಿ ಕುರ್ಚಿಗೆ ಪಾಲಿಶ್ ಮಾಡೋದು ನೋಡೀರಿ ಅಲ್ಲ? ನಿಮ್ಮ ಪ್ಲೇಟಿಗೂ ಅದೇ ಗತಿ.

ಗಂಗೂಬಾಯಿ ಹಾನಗಲ್ ಅವರು ‘ಗಾಂಧಾರಿ’ ಅನ್ನೋ ಹೆಸರಿನ್ಯಾಗ ಕೊಟ್ಟ ಪ್ಲೇಟು ಕೂಡ ಇದೇ ಅರಗಿನವು. ನಮ್ಮ ಕಾಕು ಮನಿ ಅಟ್ಟದ ಮ್ಯಾಲ ಒಂದು ಟ್ರಂಕು ಅದ, ಅದರಾಗ ಏನವ ಅಂತ ಇನ್ನೂ ಯಾರೂ ನೋಡಿಲ್ಲ. ನಾ ಮಾರ್ಚಿನ್ಯಾಗ ಬರ್ತೀನಿ. ಅಲ್ಲೀ ತನಕಾ ಅದನ್ನ ಮೋಡಕಾದವಗ ಹಾಕಬ್ಯಾಡ್ರಿ, ಒರಸಲಿಕ್ಕೂ ಹೋಗಬ್ಯಾಡ್ರಿ.